ಹದಿನೇಳು ಜನ ನುಡಿಸುವಾಗ ಒಬ್ಬರ ಮಾತು ಕೇಳಿಸಬೇಕು

ಅಮೆರಿಕದಲ್ಲಿ ಲೈವ್ ಸೌಂಡ್, ಅಂದರೆ ವೇದಿಕೆ ಕಾರ್ಯಕ್ರಮಗಳ ಧ್ವನಿ ನೋಡಿಕೊಳ್ಳುವುದು, ನನ್ನ ಕಸುಬು. ನನಗೆ ಜಾಸ್ತಿ ಬರುವುದು ಜಾಝ್ ಕಾರ್ಯಕ್ರಮಗಳು, ಅದರಲ್ಲೂ ಬಿಗ್ ಬ್ಯಾಂಡ್. 5 ಸ್ಯಾಕ್ಸೋಫೋನ್, 4 ಟ್ರಂಪೆಟ್, 4 ಟ್ರಾಂಬೋನ್, ಜೊತೆಗೆ ಪಿಯಾನೋ, ಗಿಟಾರ್, ಬೇಸ್, ಡ್ರಮ್ಸ್. ಕೆಲವು ಸಂಯೋಜಕರು ಇಷ್ಟು ದೊಡ್ಡ ತಂಡ ಇಟ್ಟುಕೊಂಡು ಪೂರ್ತಿ ಕಥೆಯನ್ನೇ ಹೇಳಿಸುತ್ತಾರೆ. ಮುಂದೆ ಒಬ್ಬ ಗಾಯಕಿ, ಪಕ್ಕದಲ್ಲಿ ಕವಿತೆ ಓದುವ ಒಬ್ಬರು. ಅವರ ಮಾತು ಕೊನೇ ಸಾಲಿನಲ್ಲಿ ಕೂತವರಿಗೂ ಕೇಳಿಸಬೇಕು. ಕೇಳಿಸದಿದ್ದರೆ ಎಲ್ಲರೂ ತಿರುಗಿ ನೋಡುವುದು ನನ್ನ ಕಡೆಗೇ.

ಆಗ ಬರುವ ಮಾತು ಒಂದೇ: "ವಾಯ್ಸ್ ಸ್ವಲ್ಪ ಏರಿಸಿ." ಏರಿಸಬಹುದು. ಆದರೆ ಓದುವವರು ಜನರ ಕಡೆ ಮುಖ ಮಾಡಿ ನಿಂತಿರುತ್ತಾರೆ, ಬ್ಯಾಂಡ್ ಅವರ ಬೆನ್ನ ಹಿಂದೆ. ಮೈಕ್ ಅವರ ಬಾಯಿಗೆ ನೆಟ್ಟಿದೆ ಅಂದರೆ ಅದೇ ನೇರಕ್ಕೆ ಟ್ರಂಪೆಟ್‌ಗಳ ಕಡೆಗೂ ನೆಟ್ಟಿದೆ ಅಂತಲೇ ಅರ್ಥ. ಆ ಮೈಕಿನ ಸದ್ದು ಏರಿಸುವ ಫೇಡರ್ ಮೇಲೆ ತಳ್ಳಿದರೆ ಮಾತಿನ ಜೊತೆ ಟ್ರಂಪೆಟ್ಟೂ ಡ್ರಮ್ಸ್ ಜೊತೆಗಿನ ಸಿಂಬಲ್ ತಟ್ಟೆಗಳೂ ಏರುತ್ತವೆ. ಇನ್ನೊಂದು ತೊಂದರೆ ಇದೆ. ಮಾತು ಅರ್ಥವಾಗುವುದು ಬಹುಪಾಲು ವ್ಯಂಜನಗಳಿಂದ. ತ, ಕ, ಸ, ಶ ಇಂಥವು. ಇವನ್ನು ಬೇರೆ ಬೇರೆಯಾಗಿ ಗುರುತಿಸಲು 2,000ದಿಂದ 4,000 ಹರ್ಟ್ಸ್ ಆಸುಪಾಸಿನ ಸದ್ದು ಬಹಳ ಮುಖ್ಯ. ಜೋರಾಗಿ ಊದಿದ ಟ್ರಂಪೆಟ್ಟಿನ ಹೊಳಪು ಇರುವುದೂ ಅಲ್ಲೇ. ಇಬ್ಬರಿಗೂ ಒಂದೇ ಸೀಟು. ಅದು ಯಾರಿಗೆ ಅನ್ನುವುದು ಸ್ವರ ಬರೆಯುವಾಗಲೇ ತೀರ್ಮಾನ ಆಗಿರಬೇಕು. ನನ್ನ ಮಿಕ್ಸರ್ ಹತ್ತಿರ ಬರುವಷ್ಟರಲ್ಲಿ ತಡವಾಗಿರುತ್ತದೆ.

ಹಾಡಿಗೆ ಇಷ್ಟು ಕಷ್ಟವಿಲ್ಲ. ಹಾಡುವವರು ಸ್ವರ ಎಳೆಯುತ್ತಾರೆ, ಒಂದು ಅಕ್ಷರ ಮುಚ್ಚಿಹೋದರೂ ಮುಂದಿನದರಲ್ಲಿ ಹಿಡಿದುಕೊಳ್ಳಬಹುದು. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ 1943ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ 'ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್' ನುಡಿಸಿದರು. ಅಮೆರಿಕದ ಕಪ್ಪು ಜನರ ಚರಿತ್ರೆಯನ್ನು ಹೇಳುವ ಕೃತಿ ಅದು, ಮುಕ್ಕಾಲು ಗಂಟೆಯಷ್ಟು ಉದ್ದ. ಅದರ 'ಕಮ್ ಸಂಡೇ' ಭಾಗದಲ್ಲಿ ಅವತ್ತು ಮಾತೇ ಇರಲಿಲ್ಲ. ಅವರ ತಂಡದ ಜಾನಿ ಹಾಜಸ್ ಆ ರಾಗವನ್ನು ಆಲ್ಟೋ ಸ್ಯಾಕ್ಸೋಫೋನಿನಲ್ಲಿ ನುಡಿಸಿದರು. 1958ರ ರೆಕಾರ್ಡಿಂಗ್‌ನಲ್ಲಿ ಅದೇ ರಾಗವನ್ನು ಗಾಯಕಿ ಮಹಾಲಿಯಾ ಜ್ಯಾಕ್ಸನ್ ಮಾತು ಸೇರಿಸಿ ಹಾಡಿದರು. ಒಂದೇ ಒಂದು ಸ್ಯಾಕ್ಸೋಫೋನಿಗಾಗಿ ಖಾಲಿ ಬಿಟ್ಟ ಜಾಗ ಅದು, ಹಾಗಾಗಿ ಒಂದು ಗಂಟಲಿಗೂ ಸಾಕಾಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಗೊತ್ತಾಗುತ್ತದೆ.

ಬರೀ ಮಾತಿಗೆ ಈ ಅನುಕೂಲ ಇಲ್ಲ. ಹೋದ ಅಕ್ಷರ ಹೋದಂತೆಯೇ. ನಮ್ಮ ಗಮಕದವರು ಇದನ್ನು ಸುಲಭವಾಗಿ ಬಗೆಹರಿಸಿಕೊಂಡಿದ್ದಾರೆ, ಅರ್ಥ ಹೇಳುವವರು ಬಾಯಿ ತೆರೆದರೆ ಹಾಡುವವರು ನಿಲ್ಲಿಸುತ್ತಾರೆ. ಜಾಝ್‌ನಲ್ಲಿ ನಾನು ಕೇಳಿದ ಜಾಣ ಉಪಾಯ ಟ್ರಂಪೆಟ್ ವಾದಕ, ಸಂಯೋಜಕ ವಿಂಟನ್ ಮಾರ್ಸಾಲಿಸ್ ಅವರ 'ಬ್ಲಡ್ ಆನ್ ದ ಫೀಲ್ಡ್ಸ್'ನದು. ಗುಲಾಮರಾಗಿ ಮಾರಾಟವಾದ ಜೆಸ್ಸಿ ಮತ್ತು ಲಿಯೋನಾ ಅನ್ನುವ ಇಬ್ಬರ ಕಥೆ. 1997ರಲ್ಲಿ ಅದಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು, ಜಾಝ್‌ಗೆ ಅದೇ ಮೊದಲು. ಅದರಲ್ಲಿ ಕಥೆಯ ಕೊಂಡಿಗಳನ್ನು ವಾದ್ಯದವರೇ ಒಟ್ಟಾಗಿ ಹೇಳುತ್ತಾರೆ. ಹೇಳಬೇಕಾದರೆ ಟ್ರಂಪೆಟ್ ಬಾಯಿಂದ ಇಳಿಸಲೇಬೇಕಲ್ವಾ? ಮಾತಿಗೆ ಜಾಗ ತಾನಾಗಿಯೇ ಆಗಿಬಿಡುತ್ತದೆ.

ನಾನು ಕೆಲಸ ಮಾಡಿದ ಒಂದು ಕೃತಿಯ ವಿಷಯ ಹೇಳುತ್ತೇನೆ. ಅಮೆರಿಕದ ದಕ್ಷಿಣದ ಹಳ್ಳಿಯಿಂದ ರೈಲು ಹತ್ತಿ ಚಿಕಾಗೋಗೆ ಹೊರಟ ಕುಟುಂಬದ ಕಥೆ. ಕವಿ ಓದುವ ಒಂದು ಸಾಲು: ಎಲ್ಲರೂ ಹತ್ತಿದರು, ಅಕ್ಕ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದಳು. ಮುಂದಿನ ಇಡೀ ಕಥೆ ಆ "ಉಳಿದಳು" ಮೇಲೆ ನಿಂತಿದೆ. ಸಂಯೋಜಕರು ಸಹಜವಾಗಿಯೇ ಅದಕ್ಕೆ ಒತ್ತು ಕೊಡಲು ಹೋಗಿ, ಸರಿಯಾಗಿ ಅದೇ ಪದದ ಮೇಲೆ ನಾಲ್ಕು ಟ್ರಂಪೆಟ್ಟುಗಳ ಹೊಡೆತ ಬರೆದಿದ್ದರು.

ರಿಹರ್ಸಲ್‌ನಲ್ಲಿ ನಮಗೆಲ್ಲ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಯಾಕೆಂದರೆ ಸಾಲು ನಮಗೆ ಬಾಯಿಪಾಠ. ಗೊತ್ತಿರುವ ಮಾತು ಕೇಳಿಸದಿದ್ದರೂ ಕಿವಿ ತುಂಬಿಕೊಳ್ಳುತ್ತದೆ. ಹಿಂದೆ ಕುರ್ಚಿ ಜೋಡಿಸುತ್ತಿದ್ದ ಹುಡುಗನನ್ನು ಕರೆದು ಕೇಳಿದೆ: "ಅಕ್ಕ ಏನು ಮಾಡಿದಳಪ್ಪಾ?" ಅವನು ಸ್ವಲ್ಪ ಯೋಚಿಸಿ, "ಅವಳೂ ಹತ್ತಿದಳು ಅಲ್ವಾ?" ಅಂದ.

ಸಂಯೋಜಕರಿಗೆ ಇಷ್ಟವಾಗಲಿಲ್ಲ. "ಆ ಹೊಡೆತ ಅಲ್ಲೇ ಬರಬೇಕು, ನೀವು ಮೈಕ್ ನೋಡಿ" ಅಂದರು. ನಾನು ವಾದ ಮಾಡಲಿಲ್ಲ. ಮೈಕ್ ಆಫ್ ಮಾಡಿ, ಕವಿಗೆ ಸುಮ್ನೆ ಬಾಯಲ್ಲೇ ಓದಲು ಹೇಳಿದೆ. ಮೂರನೇ ಸಾಲಿನಲ್ಲಿ ಸಂಯೋಜಕರನ್ನೇ ಕೂರಿಸಿದೆ. ಒಂದು ಸಲ ಕೇಳಿ ಎದ್ದುಹೋಗಿ ಪೆನ್ಸಿಲ್ ತೆಗೆದುಕೊಂಡರು. ಹೊಡೆತ ಒಂದು ಬೀಟ್ ತಡವಾಗಿ, ಪದ ಮುಗಿದ ಮೇಲೆ ಬರುವಂತಾಯಿತು. ಟ್ರಾಂಬೋನ್‌ಗಳಿಗೆ ಸದ್ದು ಮೆದು ಮಾಡುವ ಕಪ್ ಮ್ಯೂಟ್ ಬಂತು. ಡ್ರಮ್ಸ್‌ನವರು ಕಡ್ಡಿ ಬಿಟ್ಟು ಬ್ರಷ್ ಹಿಡಿದರು. ಮಾತು ಕೇಳಿಸಿತು, ಆಮೇಲೆ ಬಿದ್ದ ಹೊಡೆತ ಮುಂಚಿಗಿಂತ ಜೋರು ಅನ್ನಿಸಿತು. ಊದಿದ್ದು ಅಷ್ಟೇ ಜೋರಾಗಿ.

ಈಗ ಇಂಥ ಕೆಲಸ ಬಂದರೆ ಮೊದಲು ಕೇಳುವುದು ಮೈಕ್ ಪಟ್ಟಿಯಲ್ಲ, ಎಲ್ಲ ವಾದ್ಯಗಳ ಸ್ವರ ಬರೆದ ಸ್ಕೋರ್ ಮತ್ತು ಓದುವ ಪಠ್ಯ. ಯಾವ ಪದ ಹೋದರೆ ಕಥೆ ಹೋಗುತ್ತದೋ ಅದಕ್ಕೆ ಗೆರೆ ಹಾಕುತ್ತೇನೆ. ಸಾಮಾನ್ಯವಾಗಿ ಹೆಸರುಗಳು, ಕ್ರಿಯಾಪದಗಳು, "ಇಲ್ಲ" ಅನ್ನುವಂಥ ಪದಗಳು. ವಿಶೇಷಣ ಹೋದರೆ ಹೋಗಲಿ, ಕವಿಗಳು ಕ್ಷಮಿಸಬೇಕು. ಗೆರೆ ಬಿದ್ದ ಕಡೆ ಯಾರು ನುಡಿಸುತ್ತಿದ್ದಾರೆ ನೋಡಿ ಸಂಯೋಜಕರಿಗೆ ಫೋನ್ ಮಾಡುತ್ತೇನೆ. ಸ್ವರ ತಿದ್ದಿ ಅಂತ ಹೇಳುವುದಿಲ್ಲ, ಅದು ನನ್ನ ಕೆಲಸವಲ್ಲ. "ಇಲ್ಲಿ ಯಾರು ಗೆಲ್ಲಬೇಕು?" ಅಂತ ಮಾತ್ರ ಕೇಳುತ್ತೇನೆ. ಕೆಲವೊಮ್ಮೆ "ಬ್ಯಾಂಡೇ ಗೆಲ್ಲಲಿ, ಮಾತು ಮುಳುಗಲಿ" ಅಂತಲೂ ಹೇಳುತ್ತಾರೆ. ಅದೂ ಸರಿಯೇ, ಕಥೆಯಲ್ಲಿ ಗದ್ದಲಕ್ಕೂ ಕೆಲಸ ಇರುತ್ತದೆ. ಆದರೆ ಅದು ಬೇಕೆಂದೇ ಆಗಿರಬೇಕು.

ಈ ಓದಿಗೆ ರಿಹರ್ಸಲ್‌ಗೆ ಮುಂಚೆ ಒಂದು ದಿನ ಬೇಕು. ಕೊಟೇಶನ್‌ನಲ್ಲೇ ಅದನ್ನು ಸೇರಿಸುತ್ತೇನೆ. ಕೆಲವು ಆಯೋಜಕರು ಆ ಸಾಲನ್ನೇ ಹೊಡೆದುಹಾಕುತ್ತಾರೆ. ಅಂಥವರಿಗೆ, ಕವಿತೆಯನ್ನು ಪೂರ್ತಿ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿಬಿಡಿ ಅಂತ ಹೇಳುತ್ತೇನೆ.