ಕಾರ್ಖಾನೆಯಲ್ಲಿ ಹುಟ್ಟಿದ ಹಾಕನ್

ಅಕ್ಟೋಬರ್ 12, 2024, ಶನಿವಾರ
ಪೆನ್ಸಿಲ್ವೇನಿಯಾ

ಇವತ್ತು ವಿಜಯದಶಮಿ. ಬೆಳಿಗ್ಗೆ ಪೂಜೆ ಮುಗಿಸಿ ಕೋವಿ ತಗೊಂಡು ಗುರಿ ಹೊಡೆಯುವ ರೇಂಜಿಗೆ ಹೋದೆ. ಹವೆ ಒಣಗಿತ್ತು, ಗಾಳಿ ಇರಲಿಲ್ಲ. ಕಪ್ಪು ಮದ್ದಿನ ಕೋವಿಗೆ ಇನ್ನೇನು ಬೇಕು.

ನನ್ನ ಹತ್ತಿರ ಇರುವುದು ಥಾಂಪ್ಸನ್ ಸೆಂಟರ್ ಕಂಪನಿಯ ಹಾಕನ್, 50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು), ಕೇಪಿನ ಕೋವಿ, ಅಂದರೆ ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯಿಂದ ಮದ್ದಿಗೆ ಬೆಂಕಿ ಹತ್ತುವಂಥದ್ದು. ಬಾಯಿಯಿಂದ ಮದ್ದು ತುಂಬಬೇಕು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರಾಚೆಸ್ಟರ್ ಊರಿನ ಕಾರ್ಖಾನೆಯಲ್ಲಿ ಇವು ತಯಾರಾಗುತ್ತಿದ್ದವು. ಈ ಮಾದರಿ ಮಾರುಕಟ್ಟೆಗೆ ಬಂದಿದ್ದು 1970ರಲ್ಲಿ. ನನ್ನದರ ನಳಿಗೆ ಮೇಲಿನ ನಂಬರ್ ಕೆ ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಕಿಟ್ ಆಗಿ ಮಾರಿದ್ದು. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಕೊಂಡವರು ಮನೆಯಲ್ಲಿ ಮರ ಉಜ್ಜಿ, ಎಣ್ಣೆ ಕುಡಿಸಿ, ಹಿತ್ತಾಳೆಗೆ ಹೊಳಪು ಕೊಟ್ಟು ಜೋಡಿಸಿಕೊಳ್ಳಬೇಕಿತ್ತು. ನನ್ನ ಕೋವಿಯ ವಾಲ್‌ನಟ್ ಮರವನ್ನು ಯಾರೋ ಪುಣ್ಯಾತ್ಮರು ಎಷ್ಟು ತಾಳ್ಮೆಯಿಂದ ನಯ ಮಾಡಿದ್ದಾರೆ ಅಂದರೆ ಹಿತ್ತಾಳೆ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಅವರು ಯಾರೋ ನನಗೆ ಗೊತ್ತಿಲ್ಲ. ಆದರೆ ಆ ಕೆಲಸಕ್ಕೆ ನನಗೆ ತುಂಬ ಗೌರವ ಇದೆ.

ಪಕ್ಕದ ಬೆಂಚಿನಲ್ಲಿ ಒಬ್ಬ ಹಿರಿಯರು ಕೈಯಿಂದ ಮಾಡಿಸಿದ ಉದ್ದನೆ ಚಕಮಕಿ ಕೋವಿ (ಕೇಪಿನ ಬದಲು ಕಲ್ಲಿನ ಕಿಡಿಯಿಂದ ಹೊತ್ತುವುದು) ಇಟ್ಟುಕೊಂಡು ಕೂತಿದ್ದರು. ನೋಡೋಕೆ ನಿಜವಾಗಿ ಚೆಂದ. ನನ್ನದನ್ನು ನೋಡಿ, "ಇದು ಅಸಲಿ ಹಾಕನ್ ಅಲ್ಲ, ಗೊತ್ತು ತಾನೇ?" ಅಂದರು. ಗೊತ್ತು. ಅಸಲಿ ಹಾಕನ್ ಕೋವಿಗಳನ್ನು ಮಾಡಿದವರು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿದ್ದ ಅಣ್ಣತಮ್ಮಂದಿರು, ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್. 19ನೇ ಶತಮಾನದಲ್ಲಿ ತುಪ್ಪಳದ ವ್ಯಾಪಾರಕ್ಕೆ ರಾಕಿ ಬೆಟ್ಟಗಳ ಕಡೆ ಹೋಗುತ್ತಿದ್ದವರು ಆ ಕೋವಿಗಳನ್ನು ಹೊತ್ತೊಯ್ದರು. ಅವಕ್ಕೆ ಸಾಮಾನ್ಯವಾಗಿ ಕಬ್ಬಿಣದ ಕಟ್ಟು ಇರುತ್ತಿತ್ತು, ಹೀಗೆ ಥಳಥಳ ಹಿತ್ತಾಳೆ ಅಲ್ಲ. ನನ್ನದರ ಲಾಕ್ (ಈಡು ಹಾರಿಸುವ ಯಂತ್ರ) ಒಳಗೆ ಸುರುಳಿ ಸ್ಪ್ರಿಂಗ್ ಇದೆ, ಗುರಿ ನೋಡುವ ಹಿಂದಿನ ಸೈಟನ್ನು ಸ್ಕ್ರೂ ತಿರುಗಿಸಿ ಹೊಂದಿಸಬಹುದು. ಹಳೆಯ ಕಾಲದವರು ಇಂಥದ್ದು ಕಂಡಿರಲಿಲ್ಲ. ಅದೆಲ್ಲ ಒಪ್ಪುತ್ತೇನೆ.

ಆದರೆ ಇದು ನಕಲಿ, ಆದ್ದರಿಂದ ಲೆಕ್ಕಕ್ಕಿಲ್ಲ ಅಂದರೆ ಮಾತ್ರ ನಾನು ಒಪ್ಪಲ್ಲ. ಸಂಬಳದ ಮೇಲೆ ಬದುಕುವ ಸಾಮಾನ್ಯ ಮನುಷ್ಯ ಕುಶಲಕರ್ಮಿಯ ಹತ್ತಿರ ಕೋವಿ ಮಾಡಿಸಿಕೊಳ್ಳುವುದು ಆಗಲೂ ಕಷ್ಟ, ಈಗಲೂ ಕಷ್ಟ. 70ರ ದಶಕದಲ್ಲಿ ಅಂಥವರ ಕೈಗೆ ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ಮುಜಲ್‌ಲೋಡರ್ ತಲುಪಿಸಿದ್ದು ಇಂಥ ಕಾರ್ಖಾನೆಗಳು. ಇದೇ ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಗೆ ಅಂತಲೇ ಬೇಟೆ ಸೀಸನ್ ಶುರುವಾಗಿದ್ದು 1974ರಲ್ಲಿ. ಈಗ ಇವಕ್ಕೂ ಸುಮಾರು ಐವತ್ತು ವರ್ಷ ಆಗಿದೆ. ಥಾಂಪ್ಸನ್ ಸೆಂಟರನ್ನು 2007ರಲ್ಲಿ ಸ್ಮಿತ್ ಅಂಡ್ ವೆಸನ್ ಕೊಂಡುಕೊಂಡಿತು, ಆಮೇಲೆ ರಾಚೆಸ್ಟರ್ ಕಾರ್ಖಾನೆ ಮುಚ್ಚಿತು. ಹಾಕನ್ ತಯಾರಿಕೆಯೂ ನಿಂತಿತು. ಇರುವುದನ್ನು ಚೆನ್ನಾಗಿ ಇಟ್ಟುಕೊಂಡು ಹೊಡೆಯುತ್ತಾ ಇರಬೇಕು, ಅಷ್ಟೇ.

ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ವಾದ ಮಾಡಲಿಲ್ಲ, ಒಂದು ಈಡು ಹೊಡೆಯೋಕೆ ಕೊಡಿ ಅಂದರು!

ತುಂಬುವ ಕೆಲಸ ನನಗೆ ಹೊಡೆಯುವುದಕ್ಕಿಂತ ಜಾಸ್ತಿ ಇಷ್ಟ. ಮೊದಲು ಗಜವನ್ನು (ಈಡು ಒತ್ತುವ ಉದ್ದ ಕೋಲು) ನಳಿಗೆಯೊಳಗೆ ತಳದವರೆಗೆ ಬಿಟ್ಟು, ಕೋವಿ ಖಾಲಿ ಇದೆಯಾ ನೋಡಬೇಕು. ಖಾಲಿ ಇದ್ದಾಗ ಗಜ ಎಲ್ಲಿಗೆ ಬರುತ್ತದೆ, ಈಡು ತುಂಬಿದಾಗ ಎಲ್ಲಿಗೆ ಬರುತ್ತದೆ ಅಂತ ಎರಡು ಗೆರೆ ಹಾಕಿಟ್ಟಿದ್ದೇನೆ. ಆಮೇಲೆ ಮದ್ದಿಲ್ಲದೆ ಬರೀ ಒಂದು ಕೇಪು ಹೊಡೆಯಬೇಕು. ನಳಿಗೆ ಬಾಯಿ ಹತ್ತಿರದ ಹುಲ್ಲು ಅಲ್ಲಾಡಿದರೆ ಕೇಪಿನ ಕಿಡಿ ಒಳಗೆ ಹೋಗುವ ಕಿಂಡಿ ತೆರೆದಿದೆ ಅಂತ ಅರ್ಥ. ಮದ್ದನ್ನು ಅಳತೆ ಕೊಳವೆಗೆ ಸುರಿದು, ಅದರಿಂದ ನಳಿಗೆಗೆ. ಡಬ್ಬಿಯಿಂದ ನೇರ ಸುರಿಯಲೇಬಾರದು. ಹಿಂದಿನ ಈಡಿನ ಒಂದು ಕಿಡಿ ಒಳಗೆ ಉಳಿದಿದ್ದರೂ ಇಡೀ ಡಬ್ಬಿ ಕೈಯಲ್ಲೇ ಸಿಡಿಯುತ್ತದೆ. ಗುರಿ ಹಲಗೆಗೆ ಹೊಡೆಯುವಾಗ ನಾನು ಹಾಕುವುದು 60 ಗ್ರೇನ್, ಅಂದರೆ ಸುಮಾರು 4 ಗ್ರಾಂ. ಬರೀ ಕಪ್ಪು ಮದ್ದು, ಇಲ್ಲವೇ ಇಂಥ ಕೋವಿಗೆ ಅಂತಲೇ ಮಾಡಿದ ಬದಲಿ ಮದ್ದು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. ನಳಿಗೆ ಒಡೆದು ಕೈ, ಕಣ್ಣು ಹೋದವರಿದ್ದಾರೆ.

ಮದ್ದಿನ ಮೇಲೆ ಜಿಡ್ಡು ಸವರಿದ ದಪ್ಪ ಹತ್ತಿ ಬಟ್ಟೆಯ ತುಂಡು, ಅದರೊಳಗೆ ಸೀಸದ ದುಂಡು ಗುಂಡು. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದು, 0.490 ಇಂಚು. ಬಟ್ಟೆಯೇ ನಳಿಗೆಯ ಒಳಗಿನ ತಿರುಪು ಗೆರೆಗಳನ್ನು ಹಿಡಿದು ಗುಂಡನ್ನು ತಿರುಗಿಸುವುದು. ಗಜದಿಂದ ಒತ್ತಿ ಮದ್ದಿನ ಮೇಲೆ ಸರಿಯಾಗಿ ಕೂರಿಸಬೇಕು. ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಿಹೋಗುತ್ತದೆ. ಕೇಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಬಾಯಿ ಗುರಿಯ ಕಡೆ ಇರುವಾಗ.

ಇದಕ್ಕೆ ಎರಡು ಟ್ರಿಗರ್. ಹಿರಿಯರು ಹಿಂದಿನದನ್ನು ಒತ್ತಿದರು, ಟಿಕ್ ಅಂತು. ಈಗ ಮುಂದಿನದನ್ನು ಮುಟ್ಟಿದರೆ ಸಾಕು. ಢಂ ಅನ್ನುವ ಶಬ್ದ, ಬಿಳಿ ಹೊಗೆ, ಗಂಧಕದ ವಾಸನೆ. ಹೊಗೆ ಸರಿದ ಮೇಲೆ ದೂರದರ್ಶಕದಲ್ಲಿ ನೋಡಿದರೆ 50 ಯಾರ್ಡ್ ದೂರದ ಕಪ್ಪು ವೃತ್ತದೊಳಗೇ ತೂತು. "ನಳಿಗೆ ಒಳ್ಳೆಯದಿದೆ" ಅಂದರು. ಅಷ್ಟೇ ಅಂದಿದ್ದು, ನನಗೆ ಬಹಳ ಖುಷಿಯಾಯಿತು. ಆಮೇಲೆ ಇಬ್ಬರೂ ಹೋಗಿ ಮುಂದೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಹೆಕ್ಕಿ ನೋಡಿದೆವು. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳ್ಳಗಾಯಿತು ಅಥವಾ ಜಿಡ್ಡು ಸಾಲಲಿಲ್ಲ ಅಂತ. ಕತ್ತರಿಸಿದ ಹಾಗಿದ್ದರೆ ನಳಿಗೆಯೊಳಗೆ ಎಲ್ಲೋ ಚೂಪು ಅಂಚಿದೆ. ಇವತ್ತಿನವು ನಡುವೆ ಕಪ್ಪಾಗಿ, ಅಂಚು ಬಿಚ್ಚಿಕೊಂಡು, ಹರಿಯದೆ ಸಿಕ್ಕವು.

ನಮ್ಮ ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿ ಬೆಳೆದವನು ನಾನು. ಹಂದಿ ಕಾಟ ತಡೆಯೋಕೆ ಇಟ್ಟುಕೊಂಡ ಆ ಕೋವಿಗೂ ಲೈಸೆನ್ಸ್ ಬೇಕು. ಚುನಾವಣೆ ಬಂತು ಅಂದರೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಇಲ್ಲಿ ಅಮೆರಿಕದ 1968ರ ಫೆಡರಲ್ ಕಾನೂನಿನ ಪ್ರಕಾರ ಹೀಗೆ ಬಾಯಿಂದ ಮದ್ದು ತುಂಬುವ ಕೋವಿ ಸಾಮಾನ್ಯವಾಗಿ ಬಂದೂಕಿನ ಲೆಕ್ಕಕ್ಕೇ ಬರುವುದಿಲ್ಲ. ಆದರೂ ರಾಜ್ಯ ರಾಜ್ಯಕ್ಕೆ ನಿಯಮ ಬೇರೆ, ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು.

ಮದ್ದು ಸಿಗುವುದೇ ದೊಡ್ಡ ತಲೆನೋವು. ಲೂಸಿಯಾನಾದ ಗೋಯೆಕ್ಸ್ ಕಾರ್ಖಾನೆ ಮುಚ್ಚುತ್ತದೆ ಅಂತ 2021ರಲ್ಲಿ ಸುದ್ದಿ ಬಂದಾಗ ಎಲ್ಲರಿಗೂ ಗಾಬರಿ. ಮರುವರ್ಷ ಎಸ್ಟೆಸ್ ಕಂಪನಿ ಕೊಂಡುಕೊಂಡು ಉಳಿಸಿತು. ನಾನೀಗ ಒಂದು ಡಬ್ಬಿ ಮುಗಿಯುವ ಮುಂಚೆಯೇ ಇನ್ನೊಂದು ತರುತ್ತೇನೆ.

ಮನೆಗೆ ಬಂದ ತಕ್ಷಣ ತೊಳೆಯುವುದು. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಕಪ್ಪು ಮದ್ದು ಸುಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಉಪ್ಪಿನಂಥ ಕಿಟ್ಟವಾಗಿ ಉಳಿಯುತ್ತದೆ, ಅದು ಗಾಳಿಯ ತೇವ ಹೀರುತ್ತದೆ, ತುಕ್ಕು ಅಲ್ಲಿಂದಲೇ. ಹಾಕನ್‌ನ ಚಪ್ಪಟೆ ಬೆಣೆ ತೆಗೆದರೆ ನಳಿಗೆ ಮೇಲಕ್ಕೆದ್ದು ಬರುತ್ತದೆ. ಅದರ ಬುಡವನ್ನು ಬಿಸಿ ಸೋಪಿನ ನೀರಿನ ಬಕೆಟ್‌ನಲ್ಲಿಟ್ಟು, ಗಜಕ್ಕೆ ಬಟ್ಟೆ ಸುತ್ತಿ ಎಳೆದು ತಳ್ಳಿದರೆ ಶಾಯಿ ಬಣ್ಣದ ನೀರು ಬರುತ್ತದೆ. ನೀರು ತಿಳಿಯಾಗುವವರೆಗೂ ಬಿಡಬಾರದು. ಒಣಗಿಸಿ, ಎಣ್ಣೆ ಹಚ್ಚಿ, ಮಾರನೇ ದಿನ ಇನ್ನೊಂದು ಸಲ ಬಿಳಿ ಬಟ್ಟೆ ಓಡಿಸಿ ನೋಡಬೇಕು.

ಹಳೇದು ಕೊಳ್ಳುವವರಿಗೆ ನಾನು ಹೇಳುವುದೂ ಇದನ್ನೇ. ಮರದ ಹೊಳಪು, ಹಿತ್ತಾಳೆ ಎಲ್ಲ ಆಮೇಲೆ. ನಳಿಗೆಯೊಳಗೆ ಲೈಟ್ ಬಿಡಿ. ಬಿಗಿಯಾಗಿ ಬಟ್ಟೆ ಸುತ್ತಿದ ಗಜ ಬಾಯಿಂದ ಬುಡದವರೆಗೆ ಒಂದೇ ಸಮ ಹೋಗಬೇಕು. ನಡುವೆ ಎಲ್ಲಾದರೂ ಸಡಿಲ ಆದರೆ ಅಲ್ಲಿ ನಳಿಗೆ ಉಬ್ಬಿದೆ ಅಥವಾ ತುಕ್ಕು ತಿಂದಿದೆ. ಅದಕ್ಕೂ ಮುಂಚೆ ಒಳಗೆ ಈಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗೋಡೆ ಮೇಲೆ ವರ್ಷಗಟ್ಟಲೆ ತೂಗಾಡಿದ ಕೋವಿಗಳಲ್ಲಿ ಯಾವಾಗಲೋ ತುಂಬಿದ ಮದ್ದು ಹಾಗೇ ಇರುವುದುಂಟು, ಕಪ್ಪು ಮದ್ದು ಒಣಗಿದ್ದರೆ ಅದಕ್ಕೆ ವಯಸ್ಸಾಗುವುದಿಲ್ಲ.

ಕ್ರಿಸ್‌ಮಸ್ ಆದ ಮೇಲಿನ ಸೀಸನ್‌ಗೆ ಇಲ್ಲಿ ಕೇಪಿನ ಕೋವಿ ನಡೆಯಲ್ಲ, ಚಕಮಕಿಯೇ ಆಗಬೇಕು. ಹತ್ತಿರದ ಊರಿನಲ್ಲಿ ಒಬ್ಬರು ಥಾಂಪ್ಸನ್ ಸೆಂಟರ್‌ನದೇ ರೆನೆಗೇಡ್ ಚಕಮಕಿ ಕೋವಿ ಮಾರುತ್ತಾರಂತೆ, 54 ಕ್ಯಾಲಿಬರ್. ನಾಳೆ ಮಧ್ಯಾಹ್ನ ಬನ್ನಿ ಅಂದಿದ್ದಾರೆ. ಲೈಟು, ಗಜ, ಬಟ್ಟೆ ತುಂಡುಗಳನ್ನು ಕಾರಿನಲ್ಲಿ ಇಟ್ಟಾಗಿದೆ.