ಫಾದರ್ ಕೋಣೆಯ ಹೊರಗಿನ ಬಾಕು

1987ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಹುಬ್ಬಳ್ಳಿಯ ಒಂದು ಕ್ಯಾಥೊಲಿಕ್ ಗಂಡುಹುಡುಗರ ಹೈಸ್ಕೂಲಿನಲ್ಲಿ, ಮುಖ್ಯ ಫಾದರ್ ಅವರ ಕೋಣೆಯ ಹೊರಗಿದ್ದ ಉದ್ದನೆಯ ಬಾಕಿನ ಮೇಲೆ ಅಪ್ಪ, ಅವ್ವ ಮತ್ತು ನಾನು ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದೆವು. ಆ ಶಾಲೆಗೆ ತನ್ನದೇ ಪ್ರಾಥಮಿಕ ವಿಭಾಗವಿತ್ತು. ಅಲ್ಲಿ ಏಳನೆಯ ಇಯತ್ತೆ ಮುಗಿಸಿದವರು ತಾವಾಗಿ ಎಂಟಕ್ಕೆ ಏರುತ್ತಿದ್ದರು. ಮಿಕ್ಕ ಕೆಲವೇ ಜಾಗಗಳಲ್ಲಿ ಮೊದಲು ಚರ್ಚಿಗೆ ಸೇರಿದ ಮನೆಗಳ ಮಕ್ಕಳು, ಆಮೇಲೆ ಹೊರಗಿನ ನಾವು. ಲಿಖಿತ ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು. ಅದರಲ್ಲಿ ದಾಟಿದವರನ್ನು ಮಾತ್ರ ತಂದೆ ತಾಯಿಗಳ ಸಮೇತ ಬರಹೇಳಿದ್ದರು. ತಂದೆ ತಾಯಿಗಳು ಯಾಕೆ ಬರಬೇಕೆಂಬುದು ನನಗಾಗಲಿ, ನನ್ನ ಜೊತೆ ಕನ್ನಡ ಶಾಲೆಯಲ್ಲಿ ಕಲಿತು ಅದೇ ಬಾಕಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಗೆಳೆಯನಿಗಾಗಲಿ ತಿಳಿದಿರಲಿಲ್ಲ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ. ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1885ರ ಸುಮಾರಿಗೆ ಶುರುವಾದ ಆ ಕಾರ್ಖಾನೆಯ ಭೋಂಗಾ ಕೂಗಿದರೆ ನಮ್ಮ ಓಣಿಯ ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಐದು ವರ್ಷದ ಹಿಂದೆ, 1982ರಲ್ಲಿ, ಗೋಕಾಕ ಚಳವಳಿಯ ಮೆರವಣಿಗೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವನೂ ಇದೇ ಅಪ್ಪ. ಅಂಥವನು ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲು ಅರ್ಜಿ ತಂದಾಗ ಪಕ್ಕದ ಮನೆಯ ಕಾಕಾ ಕೆಣಕದೆ ಬಿಡಲಿಲ್ಲ. ಅಪ್ಪನ ಉತ್ತರ ಚಿಕ್ಕದಿತ್ತು: “ನಮ್ಮ ಫೋರ್‌ಮನ್‌ಗೆ ಬರೋ ಅರ್ಜಿ ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತಾವ. ಓದಿ ಹೇಳ್ರಿ ಅಂತ ಇಪ್ಪತ್ತು ವರ್ಷದಿಂದ ಮಂದಿ ಮುಂದ ನಿಂತೇನಿ.” ಈ ಎರಡೂ ನಿಲುವುಗಳು ಅವನಲ್ಲಿ ಒಂದಕ್ಕೊಂದು ತಾಗದೆ ಇದ್ದವು, ನನಗೂ ಅವುಗಳಲ್ಲಿ ಯಾವುದೂ ಸುಳ್ಳೆಂದು ಇಂದಿಗೂ ಅನ್ನಿಸಿಲ್ಲ.

ಲಿಖಿತ ಪರೀಕ್ಷೆಯ ಒಂದು ಲೆಕ್ಕ ಮಾತ್ರ ನನಗೆ ನೆನಪಿದೆ. ಹನ್ನೆರಡು ಆಳುಗಳು ಇಪ್ಪತ್ತು ದಿನದಲ್ಲಿ ಮಾಡುವ ಕೆಲಸವನ್ನು ಹದಿನೈದು ಆಳುಗಳು ಎಷ್ಟು ದಿನದಲ್ಲಿ ಮಾಡುತ್ತಾರೆಂಬುದು ಪ್ರಶ್ನೆ. ಪ್ರಶ್ನೆಪತ್ರಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಅಂಕೆಗಳನ್ನು ಗುಣಿಸಿ ಭಾಗಿಸಿ 25 ಎಂದು ಬರೆದು ಬಂದಿದ್ದೆ. ಮನೆಗೆ ನಡೆದು ಬರುವಾಗ ಗೆಳೆಯ ತನ್ನ ಉತ್ತರ 16 ಎಂದ. ಪ್ರಶ್ನೆಯ ವಾಕ್ಯ ಅವನಿಗೂ ಅರ್ಥವಾಗಿರಲಿಲ್ಲ. ಆಳು, ದಿನ ಎಂಬೆರಡು ಪದಗಳನ್ನು ಹಿಡಿದುಕೊಂಡು ಉಳಿದದ್ದನ್ನು ಊಹಿಸಿದ್ದ. “ಮಂದಿ ಹೆಚ್ಚಾದ್ರ ದಿನ ಕಡಿಮಿ ಆಗಬೇಕಲ್ಲಲೇ, ಹೆಂಗ ಹೆಚ್ಚಾಗತಾವ?” ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಸಂದರ್ಶನದ ಬೆಳಿಗ್ಗೆ ಅವ್ವ ಎಂದಿನಂತೆ ನನ್ನ ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದಳು. ಶಾಲೆಯ ಗೇಟಿನ ಬಳಿ ಬಂದಾಗ, ನಮ್ಮ ಹಾಗೆಯೇ ಮಗನನ್ನು ಕರೆತಂದಿದ್ದ ಒಬ್ಬ ಗೃಹಸ್ಥರು, ಕ್ರಿಶ್ಚಿಯನ್ ಶಾಲೆಯಲ್ಲಿ ಅದನ್ನು ನೋಡಿದರೆ ಏನಾದರೂ ಅಂದಾರೆಂದು ತಾವಾಗಿ ಬುದ್ಧಿ ಹೇಳಿದರು. ಅವ್ವ ಗಾಬರಿಯಾಗಿ ಸೆರಗಿನ ತುದಿಯಿಂದ ನನ್ನ ಹಣೆಯನ್ನು ತಿಕ್ಕತೊಡಗಿದಳು. ಅಪ್ಪ “ಬ್ಯಾಡ, ಬಿಡು, ಏನ್ ಕಳವು ಮಾಡೇವೇನು” ಎಂದು ಅವಳ ಕೈ ಹಿಡಿದ. ಅಷ್ಟರಲ್ಲಿ ಬಲಗಡೆಯ ಅರ್ಧ ಹೋಗಿತ್ತು, ಎಡಗಡೆಯದು ಉಳಿದಿತ್ತು. ನಾನು ಹಾಗೆಯೇ ಒಳಗೆ ಹೋದೆ.

ಫಾದರ್ ಕರಾವಳಿಯ ಕಡೆಯವರು, ಗಣಿತ ಕಲಿಸುತ್ತಿದ್ದರು. ಅವರ ಕನ್ನಡ ಪುಸ್ತಕದ ಕನ್ನಡವಾಗಿತ್ತು. ಮೊದಲು ನೋಡಿದ್ದೇ ನನ್ನ ಹಣೆಯನ್ನು. “ಇದನ್ನು ಯಾರು ಒರೆಸಿದರು?” ಎಂದು ಕೇಳಿದರು. “ನಮ್ಮವ್ವ” ಎಂದೆ. ಅವ್ವ ನೆಲ ನೋಡಿದಳು. ಅವರು ನಗಲಿಲ್ಲ, ಗದರಲೂ ಇಲ್ಲ. “ಪೂರ್ತಿ ಒರೆಸಬೇಕಿತ್ತು, ಇಲ್ಲವೇ ಪೂರ್ತಿ ಬಿಡಬೇಕಿತ್ತು” ಎಂದು ಹೇಳಿ ನನ್ನ ಉತ್ತರಪತ್ರಿಕೆ ಮುಂದೆಳೆದುಕೊಂಡರು. ಮುಂದಿನ ಮೂರು ವರ್ಷ ಅದೇ ಮಾತನ್ನು, ಲೆಕ್ಕದ ನೋಟುಬುಕ್ಕಿನಲ್ಲಿ ಅರೆಬರೆ ಅಳಿಸಿದ ಸಾಲುಗಳಿಗಾಗಿ, ಇಡೀ ಕ್ಲಾಸಿನ ಮುಂದೆ ಅವರ ಬಾಯಿಂದ ಕೇಳುವುದಿತ್ತು.

ನನ್ನನ್ನು ಕೇಳಿದ ಪ್ರಶ್ನೆಗಳು ಎರಡೋ ಮೂರೋ. ಮಿಕ್ಕವೆಲ್ಲ ಅಪ್ಪನಿಗೆ. ಎಲ್ಲಿಯವರೆಗೆ ಓದಿದ್ದೀರಿ? ಮನೆಯಲ್ಲಿ ಇವನ ಅಭ್ಯಾಸ ಯಾರು ನೋಡುತ್ತಾರೆ? ಓದಲು ಬೇರೆ ಕೋಣೆ ಇದೆಯೇ? “ಇರೂದು ಒಂದ ಕ್ವಾರ್ಟರ್ಸ್ ಖೋಲಿ ಮತ್ತ ಅಡಿಗಿಮನಿ ಐತ್ರಿ, ಅಲ್ಲೇ ಓದ್ತಾನ್ರಿ” ಎಂದು ಹೇಳುವಾಗ ಅಪ್ಪನ ದನಿ ತಗ್ಗಿತ್ತು. ನಮ್ಮ ಕೆಲಸ ಕೆಟ್ಟಿತೆಂದೇ ನಾನು ತಿಳಿದೆ. ಆಮೇಲೆ ಫಾದರ್, ವರ್ಕ್‌ಶಾಪಿನಲ್ಲಿ ನಿಮ್ಮದೇನು ಕೆಲಸವೆಂದು ಕೇಳಿದರು.

ಅಪ್ಪ ಗಾಲಿಗಳ ಬಗ್ಗೆ ಮಾತಾಡತೊಡಗಿದ. ಹುಬ್ಬಳ್ಳಿಯದು ಆಗಿನ್ನೂ ಮೀಟರ್ ಗೇಜ್. ಓಡಿ ಓಡಿ ಅಂಚು ಸವೆದ ಗಾಲಿಗಳನ್ನು ಅಚ್ಚಿನ ಸಮೇತ ಲೇತ್‌ಗೆ ಏರಿಸಿ, ಹೆರೆದು, ಮತ್ತೆ ಸರಿಯಾದ ಆಕಾರಕ್ಕೆ ತರುವುದು ಅವನ ಕೆಲಸ. “ಒಂದ ಅಚ್ಚಿನ ಎರಡೂ ಗಾಲಿ ಸಮ ಇರಬೇಕ್ರಿ. ಅರ್ಧ ಮಿಲಿಮೀಟರಿನ ಮ್ಯಾಲೆ ಫರಕ್ ಆತಂದ್ರ ನಡಿಯಂಗಿಲ್ರಿ. ಒಂದು ಸಣ್ಣದಾತಂದ್ರ ಡಬ್ಬಿ ಆ ಕಡೆ ಎಳೀತೈತ್ರಿ, ಅಂಚು ಹಳಿಗೆ ತಿಕ್ಕತೈತ್ರಿ.” ಹೇಳುತ್ತಾ ಹೇಳುತ್ತಾ ಅವನ ಕೈಗಳು ಮೇಜಿನ ಮೇಲೆ ಬಂದು, ಒಂದು ಇಲ್ಲದ ಗಾಲಿಯನ್ನು ಹಿಡಿದು ತಿರುಗಿಸುತ್ತಿದ್ದವು; ಉಗುರುಗಳ ಬುಡದಲ್ಲಿ ತೊಳೆದರೂ ಹೋಗದ ಕರಿ ಎಣ್ಣೆ ಇತ್ತು. ಫಾದರ್ ಪೆನ್ನು ಕೆಳಗಿಟ್ಟು, ಆ ಅರ್ಧ ಮಿಲಿಮೀಟರನ್ನು ಅಳೆಯುವುದು ಹೇಗೆಂದು ಕೇಳಿದರು. ನಾವು ಒಳಗೆ ಇದ್ದದ್ದು ಇಪ್ಪತ್ತು ನಿಮಿಷಕ್ಕೂ ಹೆಚ್ಚು. ನನ್ನ 25ರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಗೆಳೆಯನ ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದ. ಅವನ ಜೊತೆ ಬಂದದ್ದು ತಾಯಿ ಒಬ್ಬಳೇ. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಆಕೆ, ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಲೇಬೇಕೆಂದು ಬಾಕಿನ ಮೇಲೆ ಕೂತಲ್ಲೇ ಚಡಪಡಿಸುತ್ತಿದ್ದಳು. ಅವರಿಬ್ಬರೂ ಒಳಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದರು. “ಏನ್ ಕೇಳಿದ್ರವ್ವ?” ಎಂದು ಅವ್ವ ವಿಚಾರಿಸಿದ್ದಕ್ಕೆ ಆಕೆ, “ಮನಿಯೊಳಗ ಓದಸಾವ್ರು ಯಾರು ಅಂದ್ರು. ಯಾರೂ ಇಲ್ರಿ ಅಂದೆ. ಮತ್ತೇನ್ ಹೇಳ್ಲಿ?” ಎಂದಳು.

ನಾನು ಆಯ್ಕೆಯಾದೆನೆಂದು ಇಷ್ಟರಲ್ಲೇ ಓದುಗರಿಗೆ ತಿಳಿದಿರಬೇಕು. ಆ ಶಾಲೆಯ ಬಗ್ಗೆ ನನಗೆ ದೂರಿಲ್ಲ. ನನ್ನ ಅನ್ನಕ್ಕೆ ದಾರಿಯಾದದ್ದು ಅಲ್ಲಿ ಕಲಿತ ಅಕ್ಷರವೇ. ವರ್ಕ್‌ಶಾಪು ಆಗ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದ್ದರಿಂದ ಕ್ಲಾಸಿನಲ್ಲಿ ತೆಲುಗಿನ ಹುಡುಗರಿದ್ದರು, ತಮಿಳರಿದ್ದರು, ಮನೆಯಲ್ಲಿ ಕೊಂಕಣಿ ಆಡುವ ಕ್ಯಾಥೊಲಿಕ್ಕರಿದ್ದರು, ಇಂಗ್ಲಿಷನ್ನೇ ಆಡುವ ಇಬ್ಬರು ಆಂಗ್ಲೋ ಇಂಡಿಯನ್ನರಿದ್ದರು. ಕನ್ನಡ ಮಾತಾಡಿ ಸಿಕ್ಕಿಬಿದ್ದರೆ 25 ಪೈಸೆ ದಂಡ. ಅದನ್ನು ಮೇಜಿನ ಮೇಲಿನ ತಗಡಿನ ಡಬ್ಬಿಗೆ ಹಾಕಬೇಕು, ಆ ಹಣ ಬಡ ವಿದ್ಯಾರ್ಥಿಗಳ ನಿಧಿಗೆ ಹೋಗುತ್ತಿತ್ತು. ಮೊದಲ ಆರು ತಿಂಗಳು ಆ ಡಬ್ಬಿಯನ್ನು ಹೆಚ್ಚಾಗಿ ತುಂಬಿಸಿದವನು ನಾನೇ. ಆ ನಿಧಿಯಿಂದ ನನಗೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದು ಕನ್ನಡದಲ್ಲಾದ್ದರಿಂದ ಅದಕ್ಕೂ ಒಂದು ನಾಲ್ಕಾಣೆ ಕೊಟ್ಟೆ. ಕ್ಯಾಥೊಲಿಕ್ ಹುಡುಗರು ಧರ್ಮೋಪದೇಶದ ತರಗತಿಗೆ ಎದ್ದು ಹೋದಾಗ ನಮಗೆ ಮಾರಲ್ ಸೈನ್ಸ್ ಇರುತ್ತಿತ್ತು. ಡಿಸೆಂಬರಿನಲ್ಲಿ ಗೋದಲಿ ಕಟ್ಟಲು ಮಾತ್ರ ಎಲ್ಲರೂ ಬೇಕಾಗುತ್ತಿದ್ದರು, ಅದಕ್ಕೆ ಹುಲ್ಲು ತರುವುದು ಹಳ್ಳಿಯ ನಂಟಿದ್ದ ನಮ್ಮಂಥವರ ಕೆಲಸ.

ಅವ್ವನ ಪಾಡು ಬೇರೆ. ಶಾಲೆಯ ಕ್ಯಾಲೆಂಡರ್ ಎಂಬ ಪುಟ್ಟ ಪುಸ್ತಕದಲ್ಲಿ ಗೈರುಹಾಜರಿಯ ಕಾರಣವನ್ನು ಪಾಲಕರು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಬೇಕಿತ್ತು. ಅಪ್ಪನಿಗೆ ಪಾಳಿ ಇದ್ದ ದಿನ ಆ ಕೆಲಸ ಅವ್ವನ ಪಾಲಿಗೆ. ಓಣಿಯ ಕಾಲೇಜು ಹುಡುಗನೊಬ್ಬನಿಂದ ‘ಹೊಟ್ಟೆನೋವು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿಸಿಕೊಂಡು, ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಟ್ಟು, ಪ್ರತಿ ಸಲವೂ ನೋಡಿ ನೋಡಿ ಚಿತ್ರ ಬಿಡಿಸಿದ ಹಾಗೆ ಬರೆದು, ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು. ಹೀಗಾಗಿ ಜ್ವರ ಬಂದಾಗಲೂ, ಸೋದರಮಾವನ ಮದುವೆಗೆ ಹೋದಾಗಲೂ, ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯಲ್ಲಿ ತೇರು ನೋಡಲು ಉಳಿದಾಗಲೂ ನನಗಿದ್ದ ಕಾಯಿಲೆ ಒಂದೇ. ವರ್ಷದ ಕೊನೆಗೆ ಕ್ಲಾಸ್ ಟೀಚರ್ ನನ್ನನ್ನು ಬದಿಗೆ ಕರೆದು, ಒಮ್ಮೆ ಒಳ್ಳೆಯ ಡಾಕ್ಟರಿಗೆ ತೋರಿಸಬೇಕೆಂದು ಬಹಳ ಕಾಳಜಿಯಿಂದ ಹೇಳಿದರು.

2016ರಲ್ಲಿ, ಬ್ಯಾಂಕಿನ ವರ್ಗಾವಣೆಯಿಂದ ಹುಬ್ಬಳ್ಳಿಗೆ ಮರಳಿದ ನಾನು ನನ್ನ ಮಗನನ್ನು ಅದೇ ಶಾಲೆಗೆ, ಅದೇ ಇಯತ್ತೆಗೆ ಸೇರಿಸಲು ಹೋದೆ. ಬಾಕು ಇರಲಿಲ್ಲ, ಉಕ್ಕಿನ ಕುರ್ಚಿಗಳಿದ್ದವು, ಕೈಗೆ ಟೋಕನ್ ಕೊಟ್ಟರು. ಸಂದರ್ಶನವೆಂಬ ಪದ ಹೋಗಿ ಅದು ಸಂವಾದವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಎಂಟನೆಯ ತರಗತಿಯವರೆಗಿನ ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಹೀಗೆ ಜರಡಿ ಹಿಡಿಯುವುದನ್ನು ನಿಷೇಧಿಸಿ ದಂಡವನ್ನೂ ವಿಧಿಸುತ್ತದೆ. ಆದರೆ ಸಂವಿಧಾನದ 30ನೆಯ ವಿಧಿಯ ರಕ್ಷಣೆಯುಳ್ಳ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತ್ತು. ಕುರ್ಚಿಯಲ್ಲಿ ಕುಳಿತ ಪಾಲಕರಲ್ಲಿ ಹೆಚ್ಚಿನವರು ಇದನ್ನು ಅರ್ಧಮರ್ಧ ಕೇಳಿ ಗೊಣಗುತ್ತಿದ್ದರು, ಗೊಣಗುತ್ತಲೇ ತಮ್ಮ ಟೋಕನ್ ನಂಬರು ನೋಡಿಕೊಳ್ಳುತ್ತಿದ್ದರು. ಚಿಕ್ಕ ಸಮುದಾಯವೊಂದು ತಾನು ಕಟ್ಟಿದ ಶಾಲೆಯಲ್ಲಿ ತನ್ನ ಮಕ್ಕಳಿಗೆ ಮೊದಲು ಜಾಗ ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಿಕ್ಕ ಜಾಗಗಳಿಗೆ ಮನೆಗಳನ್ನು ನೋಡಿ ಮಕ್ಕಳನ್ನು ಆರಿಸುವ ಪದ್ಧತಿಯ ಬಗ್ಗೆ ಮಾತ್ರ ನನ್ನ ತಕರಾರು. ಬಿತ್ತನೆಗೆಂದು ಆರಿಸಿ ತೆಗೆದ ಕಾಳನ್ನೇ ಬಿತ್ತಿ, ಬೆಳೆ ಚೆನ್ನಾಗಿ ಬಂತೆಂದು ಹೊಲವನ್ನೇ ಹೊಗಳುವುದು ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಡೆಯುತ್ತದೆ.

ಈ ತಕರಾರನ್ನು ನಾನು ಒಳಗೆ ಹೇಳಲಿಲ್ಲ. ಹಿಂದಿನ ರಾತ್ರಿ ಹೆಂಡತಿಯನ್ನೂ ಮಗನನ್ನೂ ಎದುರಿಗೆ ಕೂಡಿಸಿಕೊಂಡು, ಬರಬಹುದಾದ ಪ್ರಶ್ನೆಗಳಿಗೆಲ್ಲ ತಾಲೀಮು ಮಾಡಿಸಿದವನು ನಾನೇ. ಓದಲು ಬೇರೆ ಕೋಣೆ ಇದೆ, ಮನೆಯಲ್ಲಿ ನೋಡುವವರಿಬ್ಬರಿದ್ದೇವೆ, ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ: ಎಲ್ಲವನ್ನೂ ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದೆ. ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರಿರುತ್ತಾರೆಂಬ ಪ್ರಶ್ನೆಯನ್ನು ಮಾತ್ರ ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದರು. ಏಳು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದಾಗ ಹೆಂಡತಿ, ಅಷ್ಟು ಸಲೀಸಾಗಿ ಆಯಿತೆಂದು ಖುಷಿಪಟ್ಟಳು. ನನಗೆ ಖಾನಾವಳಿಯ ಆ ತಾಯಿ ನೆನಪಾದಳು. ನನ್ನ ಮಗನಿಗೆ ಹೇಳೋಣವೆಂದುಕೊಂಡು, ಅವನು ಮೊಬೈಲಿನಲ್ಲಿ ಮುಳುಗಿದ್ದನ್ನು ಕಂಡು ಸುಮ್ಮನಾದೆ.

ಅಂದು ಆಯ್ಕೆಯ ಯಾದಿ ಅಂಟಿಸಿದ್ದು ಜೂನ್ ಮೊದಲ ವಾರದಲ್ಲಿ. ಗೆಳೆಯ ಮತ್ತು ನಾನು ಇಬ್ಬರೇ ನೋಡಲು ಹೋಗಿದ್ದೆವು. ಟೈಪ್ ಮಾಡಿದ ಒಂದೇ ಹಾಳೆ, ಜಾಳಿಗೆ ಹೊದಿಸಿದ ಬೋರ್ಡಿನ ಒಳಗೆ. ಎತ್ತರದವನಾದ ಅವನೇ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಇಂಗ್ಲಿಷಿನ ಹೆಸರುಗಳನ್ನು ಓದುತ್ತಾ ಬಂದ. ನನ್ನ ಹೆಸರನ್ನು ಕಂಡು ಹಿಡಿದವನೂ ಅವನೇ. ಜಾಳಿಗೆಯ ತೂತಿನಲ್ಲಿ ಬೆರಳು ತೂರಿಸಿ, “ಇಲ್ಲಿ ನೋಡಲೇ, ನಿನ್ನದ” ಎಂದು ಕೂಗಿದ. ಕೊನೆಯವರೆಗೆ ಓದಿದ. ಆಮೇಲೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟುವ ತನಕ ಇಬ್ಬರೂ ಡಬ್ಬಿಗಳನ್ನು ಎಣಿಸಿದೆವು. ಅವನ ಲೆಕ್ಕ ನಲವತ್ತೆರಡು, ನನ್ನದು ನಲವತ್ತೊಂದು. ನಾನು ವಾದ ಮಾಡಲಿಲ್ಲ.

ಮರುವಾರದಿಂದ ನನ್ನ ಶಾಲೆ ಬೆಳಿಗ್ಗೆ ಎಂಟೂವರೆಗೆ, ಅವನದು ಹತ್ತೂವರೆಗೆ ಶುರುವಾಗತೊಡಗಿತು.