ಎರಡನೇ ಸಲ ಲೋಡ್ ಮಾಡಿದಾಗ ಮಾತ್ರ ಪ್ಯಾನಿಕ್

ನಮ್ಮ ಟೀಮು ಒಂದು ಪುಟ್ಟ ಓಪನ್ ಸೋರ್ಸ್ ಕರ್ನಲ್ಲನ್ನು (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ಆರ್ಕಿಟೆಕ್ಚರಿಗೆ ಪೋರ್ಟ್ ಮಾಡುತ್ತಿತ್ತು. ಲಿನಕ್ಸ್‌ಗೆ ಈ ಆರ್ಕಿಟೆಕ್ಚರ್ 2018ರಲ್ಲಿ, 4.15ನೇ ಆವೃತ್ತಿಯ ಜೊತೆಗೇ ಬಂದಿತ್ತು. ಹಾಗಾಗಿ ದಾರಿ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಬೂಟ್ ಕೋಡ್, ಪೇಜ್ ಟೇಬಲ್, ಟ್ರ್ಯಾಪ್ ಎಂಟ್ರಿ, ಟೈಮರ್ ಎಲ್ಲ ಮುಗಿದು ಕ್ಯೂಎಮುನಲ್ಲಿ (ಯಂತ್ರವನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಎಮ್ಯುಲೇಟರ್) ಶೆಲ್ ಬಂದ ದಿನ ಆಫೀಸಿನಲ್ಲಿ ಮೈಸೂರ್ ಪಾಕ್ ಹಂಚಿದ್ದೆ. ಆಮೇಲೆ ನಾಲ್ಕು ಹಾರ್ಟ್‌ಗಳ ಎಫ್‌ಪಿಜಿಎ ಬೋರ್ಡಿಗೆ ಹಾಕಿದೆವು. ಸ್ವತಂತ್ರವಾಗಿ ಇನ್‌ಸ್ಟ್ರಕ್ಷನ್ ಓಡಿಸುವ ಘಟಕಕ್ಕೆ ರಿಸ್ಕ್-ಫೈವ್‌ನಲ್ಲಿ ಹಾರ್ಟ್ ಅನ್ನುತ್ತಾರೆ; ಎಫ್‌ಪಿಜಿಎ ಅಂದರೆ ನಮಗೆ ಬೇಕಾದ ಸರ್ಕ್ಯೂಟ್ ತುಂಬಬಹುದಾದ ಚಿಪ್.

ರಿವ್ಯೂ ದಿನ ಮ್ಯಾನೇಜರ್ ಎದುರು ಒಂದು ಮಾಡ್ಯೂಲ್ (ಓಡುತ್ತಿರುವ ಕರ್ನಲ್ಲಿಗೆ ಸೇರಿಸುವ ಕೋಡಿನ ತುಂಡು) ಲೋಡ್ ಮಾಡಿದೆ. ಓಡಿತು. ಅದನ್ನು ತೆಗೆದು ಇನ್ನೊಂದು ಲೋಡ್ ಮಾಡಿದೆ. ಪ್ಯಾನಿಕ್. ಕರ್ನಲ್ ಅಲ್ಲೇ ನಿಂತುಹೋಯಿತು. ಕಾರಣ ಹೇಳುವ ಎಸ್‌ಕಾಸ್ ರಿಜಿಸ್ಟರಿನಲ್ಲಿ 2, ಅಂದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ರೀಬೂಟ್ ಮಾಡಿದೆ. ಆ ಬೋರ್ಡ್ ಏಳುವುದಕ್ಕೆ ಐದಾರು ನಿಮಿಷ ಬೇಕು. ಅಷ್ಟೂ ಹೊತ್ತು ಎಲ್ಲರೂ ನನ್ನ ಸ್ಕ್ರೀನನ್ನೇ ನೋಡುತ್ತಾ ಕೂತಿದ್ದರು. ಮೊದಲನೇ ಲೋಡ್ ಸರಿ. ಎರಡನೆಯದಕ್ಕೆ ಮತ್ತೆ ಪ್ಯಾನಿಕ್.

ತಪ್ಪಾದ ಜಾಗ ಹೇಳುವ ಎಸ್‌ಇಪಿಸಿ ರಿಜಿಸ್ಟರ್ ತೋರಿಸಿದ ವಿಳಾಸದ ಮೆಮೊರಿ ತೆಗೆದು, ಆಬ್ಜ್‌ಡಂಪ್ ತೋರಿಸುವ ಮಾಡ್ಯೂಲ್ ಫೈಲಿನ ಕೋಡಿನ ಜೊತೆ ತಾಳೆ ನೋಡಿದೆ. ಒಂದು ಬೈಟೂ ಬದಲಾಗಿರಲಿಲ್ಲ. ಸರಿಯಾದ ಇನ್‌ಸ್ಟ್ರಕ್ಷನ್ನನ್ನೇ ಕೋರ್ ತಪ್ಪು ಅನ್ನುತ್ತಿದೆ, ಅಲ್ವಾ? "ಇದು ಹಾರ್ಡ್‌ವೇರ್ ಬಗ್" ಅಂತ ಎಲ್ಲರೆದುರು ಹೇಳಿಬಿಟ್ಟೆ.

ಆ ಕೋರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಪಾಪ, ಎರಡು ರಾತ್ರಿ ಕೂತು ಡಿಕೋಡರಿನ ವೇವ್‌ಫಾರ್ಮ್ ನೋಡಿದರು. ಮೂರನೇ ದಿನ ನನ್ನ ಸೀಟಿನ ಹತ್ತಿರ ಬಂದು, "ಸರ್, ಎಸ್‌ಟಿವ್ಯಾಲ್ ಎಷ್ಟಿತ್ತು? ನಿಮ್ಮ ಮೇಲ್‌ನಲ್ಲಿ ಇಲ್ಲ" ಅಂದರು. ಮೇಲ್ ಉದ್ದವಾಯಿತು ಅಂತ ಆ ಸಾಲನ್ನು ನಾನೇ ತೆಗೆದುಹಾಕಿದ್ದೆ.

ನಮ್ಮ ಕೋರ್ ತಪ್ಪು ಇನ್‌ಸ್ಟ್ರಕ್ಷನ್ನಿನ ಬಿಟ್‌ಗಳನ್ನು ಎಸ್‌ಟಿವ್ಯಾಲ್‌ನಲ್ಲಿ ಇಡುತ್ತದೆ. ಪೂರ್ತಿ ಲಾಗ್ ತೆಗೆದು ಇಬ್ಬರೂ ನೋಡಿದೆವು. ಅದರಲ್ಲಿದ್ದದ್ದು ಆಗಲೇ ತೆಗೆದುಹಾಕಿದ್ದ ಹಳೆಯ ಮಾಡ್ಯೂಲಿನ ಬಿಟ್‌ಗಳು. ಅದೇ ಪೇಜಿಗೆ ಹೊಸ ಮಾಡ್ಯೂಲ್ ಬಂದಿದ್ದರೂ ಹಾರ್ಟ್ 2ರ ಐ-ಕ್ಯಾಶ್‌ನಲ್ಲಿ (ಇನ್‌ಸ್ಟ್ರಕ್ಷನ್‌ಗಳ ಪ್ರತಿ ಇಟ್ಟುಕೊಳ್ಳುವ ವೇಗದ ಮೆಮೊರಿ) ಹಳೆಯದೇ ಉಳಿದಿತ್ತು. ಆ ಕೋಡಿನ ಒಂದು ಇನ್‌ಸ್ಟ್ರಕ್ಷನ್ನಿನ ನಡುವಿನಿಂದ ಅದು ಓದಲು ಶುರುಮಾಡಿತ್ತು.

ಮಾಡ್ಯೂಲ್ ಲೋಡರಿನಲ್ಲಿ ಫೆನ್ಸ್-ಐ (ಹಳೆಯ ಕೋಡ್ ಬಿಟ್ಟು ಹೊಸದನ್ನೇ ಓದುವಂತೆ ಮಾಡುವ ಇನ್‌ಸ್ಟ್ರಕ್ಷನ್) ಹಾಕಿದವನು ನಾನೇ. ಅದು ಓಡಿದ ಹಾರ್ಟಿಗೆ ಮಾತ್ರ ಅನ್ವಯಿಸುತ್ತದೆ ಅನ್ನುವುದನ್ನು ಯೋಚಿಸಿರಲಿಲ್ಲ. ಎಷ್ಟೋ ವರ್ಷ ಇಂಟೆಲ್-ಎಎಂಡಿಯ ಎಕ್ಸ್86 ಮೇಲೆ ಕೆಲಸ ಮಾಡಿದವನು ನಾನು. ಅಲ್ಲಿ ಕ್ಯಾಶ್‌ಗಳನ್ನು ಹಾರ್ಡ್‌ವೇರೇ ಹೊಂದಿಸಿಕೊಳ್ಳುತ್ತದೆ. ರಿಸ್ಕ್-ಫೈವ್ ಮ್ಯಾನುಯಲ್ಲಿನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ: ಕೋಡ್ ಬರೆದ ಹಾರ್ಟ್ ಮೊದಲು ಡೇಟಾ ಫೆನ್ಸ್ ಮಾಡಿ ತಾನು ಬರೆದದ್ದು ಉಳಿದವಕ್ಕೆ ಕಾಣುವಂತೆ ಮಾಡಬೇಕು, ಆಮೇಲೆ ಉಳಿದ ಹಾರ್ಟ್‌ಗಳಿಗೆ ಫೆನ್ಸ್-ಐ ಮಾಡಲು ಹೇಳಬೇಕು. ಎಸ್‌ಬಿಐನಲ್ಲಿ (ಕರ್ನಲ್ ತನ್ನ ಕೆಳಗಿನ ಫರ್ಮ್‌ವೇರನ್ನು ಕರೆಯುವ ಇಂಟರ್‌ಫೇಸ್) ಅದಕ್ಕೆಂದೇ ಒಂದು ಕಾಲ್ ಇದೆ. ಪ್ಯಾಚ್ ಹತ್ತು ಸಾಲೂ ಆಗಲಿಲ್ಲ.

ಕ್ಯೂಎಮುನಲ್ಲಿ ಸಾವಿರ ಸಲ ಓಡಿಸಿದರೂ ಇದು ಸಿಗುತ್ತಿರಲಿಲ್ಲ, ಅದರಲ್ಲಿ ಇಂಥ ಐ-ಕ್ಯಾಶ್ ಇಲ್ಲವೇ ಇಲ್ಲ. ಸಿಐಗೆ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಒಂದು ಬೋರ್ಡ್ ಕೊಡಿ ಅಂತ ಆರು ತಿಂಗಳಿಂದ ಕೇಳುತ್ತಿದ್ದೆವು. ಬಜೆಟ್ ಇಲ್ಲ ಅಂತಲೇ ಉತ್ತರ. ಆ ಸಿಟ್ಟು ಈಗಲೂ ಇದೆ. ಆದರೆ ಪೂರ್ತಿ ಲಾಗ್ ಕಳಿಸುವುದಕ್ಕೆ ಯಾವ ಬಜೆಟ್ಟೂ ಬೇಕಿರಲಿಲ್ಲ.

ಮುಂದಿನ ರಿವ್ಯೂನಲ್ಲಿ ಅದೇ ಜನರ ಎದುರು ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ. ಪ್ಯಾಚಿನಲ್ಲಿ ಆ ಎಂಜಿನಿಯರ್ ಹೆಸರನ್ನೇ ಮೊದಲು ಹಾಕಿದೆ. "ಸರ್, ಒಂದು ಟೆಸ್ಟ್ ಬರೀರಿ. ಹಾರ್ಟ್ 0ನಲ್ಲಿ ಲೋಡ್ ಮಾಡಿ ಉಳಿದ ಮೂರರಲ್ಲೂ ಓಡಿಸೋದು" ಅಂದರು. ಬರೆದುಕೊಟ್ಟೆ. ಸಿಐಗೆ ಬೋರ್ಡ್ ಇನ್ನೂ ಬಂದಿಲ್ಲ. ಆ ಟೆಸ್ಟ್ ದಿನಾ ರಾತ್ರಿ ಅವರ ಮೇಜಿನ ಮೇಲಿನ ಬೋರ್ಡಿನಲ್ಲೇ ಓಡುತ್ತದೆ.